ಬಲ ಮಂಡಿಗೆ ಐದು ಸ್ಟಾರ್, ಎಡ ಮಂಡಿಗೆ ಮೂರು: ಮಂಡಿ ಬದಲಾವಣೆ ಆಪರೇಷನ್ (ನೀ ರಿಪ್ಲೇಸ್‌ಮೆಂಟ್) ಆಗಿ ವರ್ಷಗಳಾದ ಮೇಲೆ ಒಂದು ವಿಮರ್ಶೆ

ಎರಡೂ ನನ್ನವೇ ಮಂಡಿಗಳು. ಸರ್ಜನ್ ಒಬ್ಬರೇ, ಆಸ್ಪತ್ರೆ ಒಂದೇ, ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಕೀಲು) ಕೂಡ ಒಂದೇ ಕಂಪನಿಯದ್ದು. ಬಲಗಾಲಿಗೆ ಆಪರೇಷನ್ ಆಗಿದ್ದು 2017ರ ಕೊನೆಯಲ್ಲಿ, ಎಡಗಾಲಿಗೆ 2019ರಲ್ಲಿ. ಬಲಗಾಲು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ಎಡಗಾಲಿಗೆ ಸೋಂಕು ಹತ್ತಿ ಮತ್ತೆ ಬಿಚ್ಚಬೇಕಾಯಿತು. ಆಪರೇಷನ್ ಆದ ತಿಂಗಳಿಗೇ "ಸೂಪರ್, ಎಲ್ಲರೂ ಮಾಡಿಸ್ಕೊಳ್ಳಿ" ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ವರ್ಷಗಳು ಕಳೆದ ಮೇಲೆ ಕಾಲು ಹೇಗಿದೆ ಅಂತ ಹೇಳುವವರು ಕಡಿಮೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. ಕೆಲಸದ ಕೊನೆಯ ವರ್ಷಗಳಲ್ಲಿ ಬೋರ್ಡಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ, ರಾತ್ರಿ ಮಗ್ಗುಲು ಬದಲಾಯಿಸಿದರೆ ನೋವಿಗೆ ಎಚ್ಚರ ಆಗುತ್ತಿತ್ತು. ಎಣ್ಣೆ, ಶಾಖ, ಮಾತ್ರೆ, ಮಂಡಿಗೆ ಇಂಜೆಕ್ಷನ್, ಎಲ್ಲ ಆಗಿತ್ತು. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿತ್ತು.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ, ಭಯ ಅರ್ಧ ಕಡಿಮೆ ಆಗುತ್ತದೆ. ತೊಡೆ ಮೂಳೆಯ ತುದಿಯನ್ನೂ ಕೆಳಗಿನ ಮೂಳೆಯ ತಲೆಯನ್ನೂ ಕೆಲವು ಮಿಲಿಮೀಟರ್ ಕತ್ತರಿಸುತ್ತಾರೆ. ಮೇಲೆ ಲೋಹದ ಕವಚ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ತುಂಡು. ಲೋಹವನ್ನು ಸಾಮಾನ್ಯವಾಗಿ ಮೂಳೆಗೆ ಸಿಮೆಂಟ್ ಹಾಕಿ ಕೂರಿಸುತ್ತಾರೆ. ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು.

ಆಪರೇಷನ್ ಮಾಡುವುದು ಸರ್ಜನ್, ಆದರೆ ಮಂಡಿ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು ಬಹುಪಾಲು ಮೊದಲ ಕೆಲವು ವಾರಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ಬಲಗಾಲು ಆದ ಮರುದಿನ ನನ್ನ ಮಂಡಿ ಕೆಳಗೆ ದಿಂಬು ಇತ್ತು, ಹಾಯಾಗಿತ್ತು. ಫಿಸಿಯೋ ಹುಡುಗಿ ಬಂದವಳೇ ದಿಂಬು ತೆಗೆದು, ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಟ್ಟಳು. ಮಂಡಿ ಗಾಳಿಯಲ್ಲಿ, ಹಿಂಬದಿಯ ನರ ಎಲ್ಲ ಎಳೆದು ಜೀವ ಹೋದ ಹಾಗಾಯಿತು. "ಅಮ್ಮಾ, ಮಡಚೋದು ಆಮೇಲೂ ಬರತ್ತೆ, ನೆಟ್ಟಗಾಗೋದು ಈಗ್ಲೇ ಬರ್ಬೇಕು" ಅಂದಳು. ಅವಳು ಹೇಳಿದ್ದು ಎಷ್ಟು ಸರಿ ಅಂತ ಎಡಗಾಲಿನಲ್ಲಿ ಗೊತ್ತಾಯಿತು. ಮಂಡಿ ಸ್ವಲ್ಪ ಮಡಚಿಕೊಂಡೇ ಗಟ್ಟಿಯಾದರೆ ಕುಂಟು ನಡಿಗೆ ಹೋಗುವುದಿಲ್ಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಡಾಕ್ಟರ್ ಬರೆದ ನೋವಿನ ಮಾತ್ರೆ ತಗೊಳ್ಳಿ, ಮುಗಿದ ಮೇಲೆ ಐಸ್ ಇಡಿ. ನೋವು ಅಂತ ಬಿಟ್ಟವರ ಮಂಡಿ ಬಿಗಿದುಕೊಂಡು, ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾದದ್ದೂ ಉಂಟು.

ಬಲಗಾಲು ಈಗ 120 ಡಿಗ್ರಿ ಮಡಚುತ್ತದೆ. ಮೆಟ್ಟಿಲು, ಸರ್ಕಾರಿ ಬಸ್ಸಿನ ಎತ್ತರದ ಮೊದಲ ಮೆಟ್ಟಿಲು, ದೇವಸ್ಥಾನದ ಪ್ರದಕ್ಷಿಣೆ, ಎಲ್ಲ ಆಗುತ್ತದೆ. ರಾತ್ರಿ ನೋವು ಪೂರ್ತಿ ಹೋಯಿತು, ಅದೊಂದಕ್ಕೇ ಐದು ಸ್ಟಾರ್ ಕೊಡಬಹುದು. ಆಗದ್ದೂ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಿಂತೇ ಹೋಯಿತು, ಪೂಜೆ ಸ್ಟೂಲಿನ ಮೇಲೆ. ಊರ ಮನೆಯ ಹಳೇ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಕಮೋಡ್ ಹಾಕಿಸಿದೆವು. ಮಂಡಿಯೂರಿದರೆ ನೋವು ಅನ್ನುವುದಕ್ಕಿಂತ ಒಂಥರಾ ಹೇಸಿಗೆಯ ಅನುಭವ. ಗಾಯದ ಹೊರಬದಿಯಲ್ಲಿ ಅಂಗೈ ಅಗಲ ಚರ್ಮ ಇವತ್ತಿಗೂ ಜೋಮು. ಅಲ್ಲಿನ ಸಣ್ಣ ನರ ಕತ್ತರಿಸಿಯೇ ಒಳಗೆ ಹೋಗಬೇಕಾಗುತ್ತದಂತೆ, ಹೆಚ್ಚಿನವರಿಗೆ ಹೀಗಾಗುತ್ತದೆ. ನಡೆಯುವಾಗ ಆಗಾಗ ಕಟಕ್ ಅನ್ನುತ್ತದೆ, ಅದೂ ಮಾಮೂಲು. ಮಂಡಿ ಬೆಚ್ಚಗಿರುವುದು, ಸಂಜೆ ಊದುವುದು ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಈಗ ಎಡಗಾಲು. ಮೂರನೇ ವಾರ ಡ್ರೆಸ್ಸಿಂಗ್ ಮೇಲೆ ನಾಣ್ಯದಷ್ಟು ಹಳದಿ ಒದ್ದೆ ಕಾಣಿಸಿತು. ಜ್ವರ ಇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಡ್ಯೂಟಿಯಲ್ಲಿದ್ದವರು "ಇದೆಲ್ಲ ಆಗತ್ತೆ, ಹತ್ತಿರದಲ್ಲೇ ಡ್ರೆಸ್ಸಿಂಗ್ ಮಾಡ್ಸಿ" ಅಂದುಬಿಟ್ಟರು. ಈ ಮಾತಿಗೆ ನನಗೆ ಇವತ್ತಿಗೂ ಕೋಪ ಇದೆ. ಮಂಡಿ ಬದಲಾಯಿಸಿದ ಗಾಯ ಅಷ್ಟು ದಿನದ ಮೇಲೆ ಸೋರಿದರೆ ಅದು ಮಾಮೂಲು ಅಲ್ಲವೇ ಅಲ್ಲ. ನಮ್ಮ ಬೀದಿಯ ಡಾಕ್ಟರು ಒಳ್ಳೆಯವರು, ಆಂಟಿಬಯಾಟಿಕ್ ಬರೆಯಲು ಹೊರಟರು. ನನ್ನ ಸೊಸೆ ನರ್ಸ್. "ಬೇಡ ಸಾರ್, ಮೊದ್ಲು ಸರ್ಜನ್ ನೋಡ್ಲಿ" ಅಂತ ಹಟ ಹಿಡಿದಳು, ನನ್ನನ್ನು ಕಾರಿಗೆ ಹತ್ತಿಸಿದಳು.

ಅವಳ ಹಟಕ್ಕೆ ಕಾರಣ ಇತ್ತು. ಮಂಡಿಯೊಳಗಿನ ನೀರನ್ನು ಸೂಜಿಯಿಂದ ತೆಗೆದು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಟೆಸ್ಟಿಗೆ) ಕಳಿಸುವ ಮೊದಲೇ ಮಾತ್ರೆ ನುಂಗಿದರೆ ರೋಗಾಣು ಯಾವುದು ಅಂತ ಟೆಸ್ಟಿನಲ್ಲಿ ಸಿಗದೇ ಹೋಗಬಹುದು. ಮಾತ್ರೆಗೆ ಮೇಲಿನ ಗಾಯ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಲೋಹದ ಮೇಲೆ ರೋಗಾಣು ಪೊರೆ ಕಟ್ಟಿಕೊಂಡು ಕೂತಿರುತ್ತದೆ. ಆ ಪೊರೆಯೊಳಗೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಬೇಗ ಹೋದದ್ದಕ್ಕೆ ನನ್ನ ಲೋಹ ಉಳಿಯಿತು. ಮಂಡಿ ಬಿಚ್ಚಿ, ಚೆನ್ನಾಗಿ ತೊಳೆದು, ನಡುವಿನ ಪ್ಲಾಸ್ಟಿಕ್ ಮಾತ್ರ ಬದಲಾಯಿಸಿದರು. ವಾರಗಟ್ಟಲೆ ಡ್ರಿಪ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ತಡವಾದವರಿಗೆ ಇಡೀ ಇಂಪ್ಲಾಂಟ್ ತೆಗೆದು, ಔಷಧ ಬೆರೆಸಿದ ಸಿಮೆಂಟ್ ತುಂಡು ಇಟ್ಟು, ಸೋಂಕು ಹೋದ ಮೇಲೆ ಹೊಸದು ಹಾಕುತ್ತಾರೆ. ಪಕ್ಕದ ಬೆಡ್ಡಿನಲ್ಲಿದ್ದ ಯಜಮಾನರು ಹಾಗೆ ಕಾಯುತ್ತಿದ್ದರು, ಅವರನ್ನು ನೋಡಿ ಸೊಸೆಯ ಕೈ ಹಿಡಿದುಕೊಂಡೆ.

ಇಂಥ ಸೋಂಕು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುತ್ತದೆ. ಆದವರಿಗೆ ಅದು ನೂರಕ್ಕೆ ನೂರು. ಎರಡು ಸಲ ಬಿಚ್ಚಿದ ಮಂಡಿಯಲ್ಲಿ ವ್ಯಾಯಾಮ ಹಿಂದೆ ಬಿತ್ತು. ಎಡಗಾಲು ಈಗ 95 ಡಿಗ್ರಿಗೆ ನಿಲ್ಲುತ್ತದೆ, ಪೂರ್ತಿ ನೆಟ್ಟಗೂ ಆಗುವುದಿಲ್ಲ. ಕುರ್ಚಿಯಿಂದ ಏಳಲು ಕೈ ಊರಬೇಕು. ಮೆಟ್ಟಿಲು ಹತ್ತುವಾಗ ಬಲಗಾಲು ಮುಂದೆ, ಇಳಿಯುವಾಗ ಎಡಗಾಲು ಮುಂದೆ. ಆದರೂ ಹಳೆಯ ನೋವಿಲ್ಲ, ಅದಕ್ಕೇ ಮೂರು ಸ್ಟಾರ್.

ಇನ್ನೊಂದು ಎಚ್ಚರಿಕೆ. ಮೀನಖಂಡ ಒಮ್ಮೆಲೇ ಊದಿ ನೋಯತೊಡಗಿದರೆ, ಅಥವಾ ಉಸಿರು ಕಟ್ಟಿದ ಹಾಗಾದರೆ, ಬೆಳಗಾಗಲಿ ಅಂತ ಕಾಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅದು ಆಗಬಾರದು ಅಂತಲೇ ಪಾದ ಮೇಲೆ ಕೆಳಗೆ ಆಡಿಸಿ ಅಂತ ಗಂಟೆಗಂಟೆಗೆ ಹೇಳುವುದು.

ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಕಟ್ಟಿತು. ಕೋಬಾಲ್ಟ್ ಕ್ರೋಮಿಯಂ ಅನ್ನುವ ಲೋಹದ ಸೆಟ್ಟಿಗೆ ಸರಾಸರಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಇದ್ದದ್ದು 54,720 ರೂಪಾಯಿಗೆ ಇಳಿಯಿತು, ಮೇಲೆ ಜಿಎಸ್‌ಟಿ. ಆದರೆ ಪ್ಯಾಕೇಜಿನಲ್ಲಿ ರೂಮು, ಥಿಯೇಟರ್, ಗ್ಲೌಸು, ಔಷಧ ಎಲ್ಲ ಬೇರೆ ಬೇರೆ ಏರುತ್ತವೆ. ಬಿಡಿ ಬಿಡಿ ಲೆಕ್ಕ ಬರೆಸಿಕೊಳ್ಳಿ. ಇನ್ಶೂರೆನ್ಸ್ ಇದ್ದರೆ ವೇಟಿಂಗ್ ಪೀರಿಯಡ್ (ಪಾಲಿಸಿ ತಗೊಂಡ ಮೇಲೆ ಕಾಯಬೇಕಾದ ಅವಧಿ) ಮುಗಿದಿದೆಯಾ ನೋಡಿ. ರೋಬೋಟ್ ಸಹಾಯದಿಂದ ಆಪರೇಷನ್ ಮಾಡುತ್ತೇವೆ ಅಂತ ಜಾಸ್ತಿ ದುಡ್ಡು ಕೇಳಿದರೆ ನಾನಾದರೆ ಕೊಡುವುದಿಲ್ಲ, ಆ ದುಡ್ಡನ್ನು ಮನೆಗೆ ಬರುವ ಫಿಸಿಯೋಗೆ ಇಡುತ್ತೇನೆ.

ಡಿಸ್ಚಾರ್ಜ್ ಫೈಲಿನಲ್ಲಿ ಇಂಪ್ಲಾಂಟ್ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ಕಣ್ಣಾರೆ ನೋಡಿ, ಫೋಟೋ ತೆಗೆದಿಡಿ. ಕಂಪನಿ, ಸೈಜು, ಲಾಟ್ ನಂಬರ್ ಅದರಲ್ಲಿರುತ್ತದೆ. 2010ರಲ್ಲಿ ಡೆಪ್ಯೂ ಕಂಪನಿ ಎಎಸ್‌ಆರ್ ಅನ್ನುವ ಸೊಂಟದ ಕೀಲನ್ನು ಲೋಕದಾದ್ಯಂತ ವಾಪಸ್ ಪಡೆದಾಗ, ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡಿದ್ದ ಸಾವಿರಾರು ಜನರ ಪತ್ತೆಯೇ ಸಿಗಲಿಲ್ಲ. ನನ್ನ ಎಡಗಾಲಿನ ಪ್ಲಾಸ್ಟಿಕ್ ಬದಲಾಯಿಸುವಾಗಲೂ ಸರಿಯಾದ ಸೈಜು ತರಿಸಲು ಆ ಸ್ಟಿಕ್ಕರೇ ಬೇಕಾಯಿತು.

ಎಷ್ಟು ವರ್ಷ ಬಾಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್ ದಾಖಲೆಗಳನ್ನು ಸೇರಿಸಿ 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನೂರು ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳಿಕೆ ಬರುತ್ತವೆ. ಒಳ್ಳೆಯ ಲೆಕ್ಕವೇ. ಆದರೆ ಲೋಹ ಗಟ್ಟಿಯಾಗಿದ್ದರೂ ಐವರಲ್ಲಿ ಒಬ್ಬರವರೆಗೆ ನೋವೋ ಬಿಗಿತವೋ ಉಳಿದು ಸಮಾಧಾನ ಇರುವುದಿಲ್ಲ ಅನ್ನುವುದನ್ನೂ ಜೊತೆಗೇ ಹೇಳಬೇಕಲ್ವಾ?

ಈಗ ನನ್ನ ತಂಗಿಯೂ ಮಾಡಿಸಿಕೊಳ್ಳಲು ಹೊರಟಿದ್ದಾಳೆ. ಅವಳಿಗೆ ಸಕ್ಕರೆ ಕಾಯಿಲೆ, ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ ಟೆಸ್ಟ್) 9ರ ಮೇಲಿದೆ, ಒಂದು ಹುಳುಕು ಹಲ್ಲೂ ಇದೆ. ಎರಡೂ ಸೋಂಕಿಗೆ ದಾರಿ. ಹಲ್ಲು ಕೀಳಿಸು, ಸಕ್ಕರೆ ಇಳಿಸು, ಅಲ್ಲಿಯವರೆಗೆ ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡುತ್ತಿರು, ಆಮೇಲೆ ಡೇಟ್ ತಗೋ ಅಂದಿದ್ದೇನೆ. ಫಿಸಿಯೋ ಹುಡುಗಿಯ ನಂಬರನ್ನೂ ಕೊಟ್ಟಿದ್ದೇನೆ.