ಶ್ರುತಿ ಸೇರಿದ ಸೈಕಲ್: ಒಂದು ಹೈಬ್ರಿಡ್‌ನೊಂದಿಗೆ ನಾಲ್ಕು ವರ್ಷ

2021ರ ಆಗಸ್ಟಿನಲ್ಲಿ 17,500 ರೂಪಾಯಿ ಕೊಟ್ಟು ಒಂದು ಹೈಬ್ರಿಡ್ ಸೈಕಲ್ ಕೊಂಡೆ, ಅಂದರೆ ರಸ್ತೆಯ ರೇಸ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ನಡುವಿನ ಬಗೆಯದು. ಕಂಪನಿಯ ಹೆಸರು ಬೇಡ. ಈ ಬೆಲೆಗೆ ಸಿಗುವ ಹೆಚ್ಚಿನ ಹೈಬ್ರಿಡ್‌ಗಳ ಗುಣದೋಷ ಬಹುಮಟ್ಟಿಗೆ ಒಂದೇ ಬಗೆಯದು. ಅಲ್ಯೂಮಿನಿಯಂ ಫ್ರೇಮು, ಮುಂದೆ ಮೂರು ಹಿಂದೆ ಏಳು ಗೇರು, ಎರಡೂ ಚಕ್ರಕ್ಕೆ ಕೇಬಲ್ಲಿನ ಡಿಸ್ಕ್ ಬ್ರೇಕು, ಮುಂದಿನ ಚಕ್ರವನ್ನು ಹಿಡಿಯುವ, ಸ್ಪ್ರಿಂಗಿನ ಸಸ್ಪೆನ್ಶನ್ ಫೋರ್ಕು, 700x35 ಅಳತೆಯ ಟೈರು. ಅದಕ್ಕೆ ಮುಂಚೆ, 2017ರಲ್ಲಿ ಮೈಸೂರಿಗೆ ಬಂದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳನ್ನು ತುಳಿದು ಅಭ್ಯಾಸವಾಗಿತ್ತು. ಕುವೆಂಪುನಗರದ ಮನೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಸುಮಾರು ಒಂಬತ್ತು ಕಿಲೋಮೀಟರ್. ವಾರಕ್ಕೆ ನಾಲ್ಕು ದಿನ ಹೋಗಿಬರುತ್ತೇನೆ. ಮೀಟರು ಈಗ 13,000 ದಾಟಿದೆ.

ಅಂಗಡಿಯಿಂದ ಮನೆಗೆ ತಂದ ದಿನ ಇದು ಅರ್ಧ ಸೈಕಲ್ ಆಗಿತ್ತು. ಉಳಿದ ಅರ್ಧವನ್ನು ನಾನೂ ಒಬ್ಬ ಹಿರಿಯ ಮೆಕ್ಯಾನಿಕ್ಕೂ ಸೇರಿ ಮಾಡಿದೆವು. ಅದರಲ್ಲಿ ಹೆಚ್ಚಿನ ಪಾಲು ದುಡ್ಡು ಬೇಡದ ಕೆಲಸ. ಅದು ತಿಳಿಯುವ ಹೊತ್ತಿಗೆ ನಾನು ಬೇಡದ ಕಡೆ ಸಾಕಷ್ಟು ದುಡ್ಡು ಸುರಿದಿದ್ದೆ. ಹೊಸದಾಗಿ ಕೊಳ್ಳುವವರಿಗೆ ಹಾಗಾಗಬಾರದು ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ತಿಂಗಳು ನನ್ನನ್ನು ಕಾಡಿದ್ದು ಕೈ. ಕಚೇರಿ ತಲುಪುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಬೀಗದ ಕೈಯನ್ನು ಹಿಡಿಯಲೂ ಆಗುತ್ತಿರಲಿಲ್ಲ. ಅಂಗೈಯ ಆ ಅಂಚಿನಲ್ಲಿ ಹಾದುಹೋಗುವ ನರದ ಮೇಲೆ ಮೈಭಾರ ಬಿದ್ದರೆ ಹೀಗಾಗುತ್ತದೆ. ನಾನು ಮೊದಲು ಮೆತ್ತನೆಯ ಕೈಗವಸು ಕೊಂಡೆ, ಆಮೇಲೆ ಅಗಲವಾದ ಗ್ರಿಪ್ ಹಾಕಿಸಿದೆ, ಕೂರಲು ಹಿತವಾಗಲಿ ಎಂದು ಸೀಟಿಗೆ ಜೆಲ್ ಕವರು ತೊಡಿಸಿದೆ. ಸಾವಿರದ ಐನೂರು ರೂಪಾಯಿ ಖರ್ಚಾಯಿತು. ಜೋಮು ಮಾತ್ರ ಹಾಗೆಯೇ ಉಳಿಯಿತು.

ತಪ್ಪು ಸೀಟಿನಲ್ಲಿತ್ತು. ಮನೆ ಕಟ್ಟುವವರು ಬಳಸುವ ರಸಮಟ್ಟವನ್ನು ಪಕ್ಕದ ಮನೆಯ ಗಾರೆ ಕೆಲಸದವರಿಂದ ಕೇಳಿ ತಂದು ಸೀಟಿನ ಮೇಲೆ ಇಟ್ಟು ನೋಡಿದೆ. ಗುಳ್ಳೆ ನಡುವಿನ ಗೆರೆಗಳನ್ನು ಬಿಟ್ಟು ಹಿಂದಿನ ತುದಿಗೆ ಓಡಿ ನಿಂತಿತು. ಸೀಟಿನ ಮೂತಿ ಅಷ್ಟು ಕೆಳಗೆ ಬಾಗಿತ್ತು. ಇಳಿಜಾರಿನ ಮೇಲೆ ಕೂತವನು ಮುಂದಕ್ಕೆ ಜಾರುತ್ತಾನೆ, ಜಾರದಿರಲು ಕೈಯೂರುತ್ತಾನೆ. ಒಂಬತ್ತು ಕಿಲೋಮೀಟರ್ ಉದ್ದಕ್ಕೂ ನಾನು ಮಾಡುತ್ತಿದ್ದುದು ಅದನ್ನೇ. ಸೀಟಿನ ಕೆಳಗಿನ ಬೋಲ್ಟನ್ನು ಆಲನ್ ಕೀಯಿಂದ ಸಡಿಲಿಸಿ ಮಟ್ಟ ಮಾಡಿದೆ. ಒಂದೇ ವಾರದಲ್ಲಿ ಬೆರಳುಗಳು ನನ್ನವಾದವು.

ಅಲ್ಲಿಂದ ಅಳತೆ ಮಾಡುವ ಹುಚ್ಚು ಹಿಡಿಯಿತು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆದರೆ 81 ಸೆಂಟಿಮೀಟರ್ ಬಂತು. ಇದನ್ನು 0.883ರಿಂದ ಗುಣಿಸಿದರೆ ಬರುವ 71.5 ಸೆಂಟಿಮೀಟರು, ಪೆಡಲ್‌ಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ ಎನ್ನುವುದು ಸೈಕಲ್ ಸವಾರರಲ್ಲಿ ಹಳೆಯ ಲೆಕ್ಕ. ನನ್ನ ಸೀಟು 67ರಲ್ಲಿತ್ತು. ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು ಎಂದು ಅಂಗಡಿಯವರು ತಗ್ಗಿಸಿ ಕೊಟ್ಟಿದ್ದರು, ನಾನೂ ಅದೇ ಸರಿ ಎಂದುಕೊಂಡಿದ್ದೆ. ಮಂಡಿಚಿಪ್ಪಿನ ಮುಂಭಾಗದಲ್ಲಿ ಸಂಜೆ ಹೊತ್ತು ಬರುತ್ತಿದ್ದ ನೋವಿಗೆ ಕಾರಣ ಇದೇ. ಒಮ್ಮೆಲೇ ಏರಿಸದೆ ವಾರಕ್ಕೆ ಒಂದು ಸೆಂಟಿಮೀಟರಿನಂತೆ ಏರಿಸಿದೆ. 71.5ಕ್ಕೆ ಬಂದಾಗ ತುಳಿಯುವಾಗ ಸೊಂಟ ಅತ್ತಿತ್ತ ಹೊಯ್ದಾಡುತ್ತಿದೆ ಎಂದು ಹಿಂದೆ ಬರುತ್ತಿದ್ದ ಗೆಳೆಯ ಹೇಳಿದ, 71ಕ್ಕೆ ಇಳಿಸಿದೆ. ಲೆಕ್ಕ ಹತ್ತಿರಕ್ಕೆ ಕರೆದೊಯ್ಯುತ್ತದೆ, ಕೊನೆಯ ಅರ್ಧ ಸೆಂಟಿಮೀಟರನ್ನು ಮೈಯೇ ಹೇಳಬೇಕು. ಈಗ ಸೀಟಿನ ಕಂಬದ ಮೇಲೆ ಆ ಜಾಗಕ್ಕೆ ಒಂದು ಸುತ್ತು ಟೇಪು ಅಂಟಿಸಿದ್ದೇನೆ.

ಜೆಲ್ ಕವರನ್ನು ಬಿಸಾಡಿದ್ದು ಅದೇ ದಿನಗಳಲ್ಲಿ. ಮೆತ್ತನೆಯ ಸೀಟಿನಲ್ಲಿ ಪೃಷ್ಠದ ಎರಡು ಮೂಳೆಗಳು ಹೂತುಹೋಗಿ ಭಾರವೆಲ್ಲ ಮೃದುವಾದ ಭಾಗದ ಮೇಲೆ ಬೀಳುತ್ತದೆ, ತೊಡೆ ಉಜ್ಜುತ್ತದೆ. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಮಣೆಯ ಮೇಲಿಟ್ಟು ಅದರ ಮೇಲೆ ಕೂತು ಎದ್ದರೆ ಆ ಮೂಳೆಗಳು ಊರಿದ ಎರಡು ಕುಳಿಗಳು ಕಾಣುತ್ತವೆ. ನನ್ನವುಗಳ ನಡುವಿನ ಅಂತರ 118 ಮಿಲಿಮೀಟರ್. ಅದಕ್ಕೆ ಎರಡೂವರೆ ಸೆಂಟಿಮೀಟರಿನಷ್ಟು ಸೇರಿಸಿ, 145 ಮಿಲಿಮೀಟರ್ ಅಗಲದ ಗಟ್ಟಿ ಸೀಟು ಹಾಕಿಸಿದೆ. ಮೊದಲ ಹತ್ತು ದಿನ ನೋಯಿತು. ಆಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿಬಂದರೂ ಸೀಟಿನ ನೆನಪೇ ಬರಲಿಲ್ಲ. 66 ಸೆಂಟಿಮೀಟರ್ ಅಗಲವಿದ್ದ ಹ್ಯಾಂಡಲನ್ನು ಎರಡೂ ಕಡೆ ಮೂರು ಮೂರು ಸೆಂಟಿಮೀಟರ್ ಗರಗಸದಿಂದ ಕೊಯ್ಯಿಸಿದ್ದು ಕೂಡ ಒಳ್ಳೆಯದಾಯಿತು. ಭುಜ ಸಡಿಲಾಯಿತು, ಬಸ್ಸು ಮತ್ತು ಆಟೋಗಳ ನಡುವೆ ನುಸುಳುವುದು ಸುಲಭವಾಯಿತು.

ಈಗ ಚಕ್ರದ ಮಾತು. ಐದನೆಯ ತಿಂಗಳಲ್ಲಿ ಹುಣಸೂರು ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ‘ಟಂಗ್’ ಎಂಬ ಸದ್ದು ಬಂತು. ಒಂದು ಕಡ್ಡಿ ಮುರಿದಿತ್ತು. ಉಚಿತ ಸರ್ವಿಸ್ ಇನ್ನೂ ಬಾಕಿಯಿತ್ತು. ಕೊಂಡ ಅಂಗಡಿಗೆ ಒಯ್ದೆ, ಕಡ್ಡಿ ಬದಲಿಸಿ ಬೆಂಡ್ ತೆಗೆದು ಕೊಟ್ಟರು. ಎರಡು ತಿಂಗಳಲ್ಲಿ ಇನ್ನೊಂದು ಮುರಿಯಿತು, ಅದಾದ ಹದಿನೈದೇ ದಿನಕ್ಕೆ ಮತ್ತೊಂದು. ಮೂರೂ ಫ್ರೀವೀಲ್, ಅಂದರೆ ಹಿಂದಿನ ಗೇರಿನ ಹಲ್ಲುಚಕ್ರಗಳು, ಇರುವ ಬಲಬದಿಯವು, ಮೂರೂ ಚಕ್ರದ ನಡುವಿನ ಹಬ್ಬಿನ ಬಳಿ ಬಾಗುವ ಜಾಗದಲ್ಲೇ ತುಂಡಾಗಿದ್ದವು. ನಿಮ್ಮ ಭಾರಕ್ಕೆ ಹೀಗಾಗುತ್ತಿದೆ ಎಂದು ಅಂಗಡಿಯವರು ಹೇಳಿದ ಮಾತು ಮನಸ್ಸಿಗೆ ನಾಟಿತು. ನನ್ನ ತೂಕ 74 ಕಿಲೋ. ಅಷ್ಟೂ ಹೊರಲಾಗದ ಸೈಕಲ್ಲನ್ನು ದಿನನಿತ್ಯದ ಓಡಾಟಕ್ಕೆ ಎಂದು ಮಾರುವುದಾದರೂ ಹೇಗೆ?

ಅಗ್ರಹಾರದ ಕಡೆ ಒಂದು ಪುಟ್ಟ ಸೈಕಲ್ ಶಾಪು ಇದೆ. ಅಲ್ಲಿನ ಹಿರಿಯರು ಹಾಲಿನ ಕ್ಯಾನು ಹೊರುವ ಸೈಕಲ್ಲುಗಳ ಕಾಲದಿಂದ ಚಕ್ರ ಕಟ್ಟುತ್ತಾ ಬಂದವರು. ಅವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು, ಏನನ್ನೂ ಕೇಳಲಿಲ್ಲ. ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟುತ್ತಾ ಹೋದರು. ಒಂದು ಕಡ್ಡಿ ತಂತಿಯಂತೆ ಮಿಡಿದರೆ ಪಕ್ಕದ್ದು ‘ದಪ್’ ಎಂದು ಸುಮ್ಮನಾಗುತ್ತಿತ್ತು.

“ಕೇಳಿಸಿತೇ ಸ್ವಾಮಿ? ಒಂದಕ್ಕೂ ಶ್ರುತಿ ಇಲ್ಲ. ಕಡ್ಡಿ ಮುರಿಯುವುದು ಭಾರಕ್ಕಲ್ಲ, ಸಡಿಲಕ್ಕೆ” ಎಂದರು.

“ಬಿಗಿ ಇದ್ದರೆ ತಾನೇ ಯಜಮಾನರೇ ಮುರಿಯಬೇಕು?” ಎಂದು ಕೇಳಿದೆ.

ಅವರು ಶಾಪಿನ ಮೂಲೆಯಿಂದ ಒಂದು ತುಂಡು ತಂತಿ ತಂದು ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದರು. ತುಂಡಾಯಿತು. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿ ಕ್ಷಣಕಾಲ ಕಡಿಮೆಯಾಗುತ್ತದೆ. ಮೊದಲೇ ಸಡಿಲವಿದ್ದರೆ ಪೂರ್ತಿ ಜೋತುಬಿದ್ದು ಮರುಕ್ಷಣ ಸೆಟೆಯುತ್ತದೆ. ಒಂದು ಕಿಲೋಮೀಟರಿಗೆ ಈ ಚಕ್ರ ಸುಮಾರು 460 ಸುತ್ತು ಸುತ್ತುತ್ತದೆ. ಆ ಬಾಗಿನಲ್ಲಿ ಲೋಹ ದಣಿಯದೆ ಇನ್ನೇನಾಗಬೇಕು? ಫ್ರೀವೀಲಿಗೆ ಜಾಗ ಬಿಡಬೇಕಾದ್ದರಿಂದ ಬಲಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ಅವುಗಳ ಬಿಗಿ ಎಡಬದಿಗಿಂತ ಹೆಚ್ಚಿರಬೇಕು. ಕಾರ್ಖಾನೆಯಿಂದ ಬಂದ ಚಕ್ರದಲ್ಲಿ ಆ ಬಿಗಿ ಇರಲೇ ಇಲ್ಲ.

ಅವರು ಹಬ್ಬು, ರಿಮ್ಮು ಹಳೆಯವನ್ನೇ ಉಳಿಸಿಕೊಂಡು 14 ಗೇಜಿನ ಸ್ಟೀಲ್ ಕಡ್ಡಿಗಳನ್ನು ಹೊಸದಾಗಿ ಕಟ್ಟಿದರು. ನಡುನಡುವೆ ಎರಡೆರಡು ಕಡ್ಡಿಗಳನ್ನು ಸೇರಿಸಿ ಅಂಗೈಯಲ್ಲಿ ಬಲವಾಗಿ ಹಿಂಡುತ್ತಿದ್ದರು. ಕಡ್ಡಿ ತನ್ನ ಜಾಗದಲ್ಲಿ ಕೂತುಕೊಳ್ಳಲು ಹಾಗೆ ಮಾಡುವುದಂತೆ. ಕೊನೆಗೆ ಮತ್ತೆ ಮೀಟಿದಾಗ ಬಲಬದಿಯೆಲ್ಲ ಒಂದೇ ಸ್ವರ, ಎಡಬದಿಯೆಲ್ಲ ಅದಕ್ಕಿಂತ ತಗ್ಗಿನ ಇನ್ನೊಂದು ಸ್ವರ. ಕಡ್ಡಿ, ಕೂಲಿ ಎಲ್ಲ ಸೇರಿ 900 ರೂಪಾಯಿ. ಅಂದಿನಿಂದ ಇಂದಿನವರೆಗೆ ಒಂದು ಕಡ್ಡಿಯೂ ಮುರಿದಿಲ್ಲ. ನಾಲ್ಕು ವರ್ಷಗಳಲ್ಲಿ ಈ ಸೈಕಲ್ಲಿಗೆ ನಾನು ಮಾಡಿದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಟೈರಿಗೆ ಮಾತ್ರ ಜಿಪುಣತನ ಮಾಡಬಾರದು. ಮೂಲ ಟೈರುಗಳಲ್ಲಿ ಒಂದೇ ಮಳೆಗಾಲದಲ್ಲಿ ಏಳು ಪಂಕ್ಚರ್ ಆದವು. ಶ್ವಾಲ್ಬೆ ಮ್ಯಾರಥಾನ್ ಎಂಬ ಟೈರುಗಳ ಜೋಡಿ ಹಾಕಿಸಿದೆ, ಸುಮಾರು 5,000 ರೂಪಾಯಿ. ಒಳಗೆ ಮೂರು ಮಿಲಿಮೀಟರ್ ದಪ್ಪದ ರಬ್ಬರ್ ಪಟ್ಟಿ ಇರುತ್ತದೆ, ತೂಕ ಹೆಚ್ಚು. ಮೂರು ವರ್ಷದಲ್ಲಿ ಎರಡು ಪಂಕ್ಚರ್, ಎರಡಕ್ಕೂ ಕಾರಣ ಉದ್ದನೆಯ ಮೊಳೆ. ಗಾಳಿಯ ಒತ್ತಡವನ್ನು ಸರಿಮಾಡಿಕೊಂಡ ಮೇಲೆ ಸೈಕಲ್ಲಿನ ನಡೆಯೇ ಬದಲಾಯಿತು. ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಒತ್ತಡ ತುಂಬಿದರೆ ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಿಳಿಯುತ್ತದೆ. ತೀರಾ ತಗ್ಗಿಸಿದರೆ ಗುಂಡಿಯಲ್ಲಿ ರಿಮ್ಮಿಗೆ ಬಡಿದು ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಹಿಂದೆ 65, ಮುಂದೆ 55 ಪಿಎಸ್ಐ ನನಗೆ ಒಗ್ಗಿದೆ. ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿರುವುದರಿಂದ ಎರಡಕ್ಕೂ ಒಂದೇ ಒತ್ತಡ ಬೇಕಿಲ್ಲ. ವಾಲ್ವು ಸ್ಕೂಟರಿನ ಬಗೆಯದೇ ಆಗಿ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದಾದರೂ ಮಾಪಕವಿರುವ ನಿಲುವಿನ ಪಂಪೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಪ್ರತಿ ಸೋಮವಾರ ಬೆಳಿಗ್ಗೆ ಎರಡು ನಿಮಿಷದ ಕೆಲಸ.

ಮುಂದಿನ ಸಸ್ಪೆನ್ಶನ್ ಫೋರ್ಕು ಎರಡನೇ ವರ್ಷಕ್ಕೆ ತುಕ್ಕು ಹಿಡಿದು ಅಲುಗಾಡತೊಡಗಿತು. ಅಗ್ಗದ ಸ್ಪ್ರಿಂಗ್ ಫೋರ್ಕು ಗುಂಡಿಗೆ ಅಷ್ಟಾಗಿ ಬಗ್ಗುವುದಿಲ್ಲ, ಏರಿನಲ್ಲಿ ಎದ್ದು ತುಳಿದರೆ ಮಾತ್ರ ಬಗ್ಗಿ ನಮ್ಮ ಬಲವನ್ನು ನುಂಗುತ್ತದೆ. ತೆಗೆಸಿ ಗಟ್ಟಿ ಸ್ಟೀಲ್ ಫೋರ್ಕು ಹಾಕಿಸಿದೆ. ಇಲ್ಲಿ ಒಂದು ಎಚ್ಚರ ಬೇಕು: ಚಕ್ರದ ಅಚ್ಚಿನಿಂದ ಫೋರ್ಕಿನ ನೆತ್ತಿಯವರೆಗಿನ ಉದ್ದ ಹಳೆಯದಕ್ಕೆ ಹೊಂದಬೇಕು. ಹಳೆಯದು 455 ಮಿಲಿಮೀಟರ್ ಇತ್ತು, ನಾನು ಕೂತಾಗ ಹದಿನೈದು ಕುಸಿಯುತ್ತಿತ್ತು. ಹಾಗಾಗಿ 440ರದ್ದನ್ನು ಹುಡುಕಿ ತರಿಸಿದೆ. ಗಿಡ್ಡ ಫೋರ್ಕು ಹಾಕಿದರೆ ಸೈಕಲ್ಲಿನ ಮೂತಿ ತಗ್ಗಿ ಹ್ಯಾಂಡಲ್ ಚಂಚಲವಾಗುತ್ತದೆ. ಡಿಸ್ಕ್ ಬ್ರೇಕು ಕೂರಿಸುವ ಕಿವಿಗಳು ಇವೆಯೇ ಎಂದೂ ನೋಡಿಕೊಳ್ಳಬೇಕು. 2,600 ರೂಪಾಯಿಗೆ ಒಂದು ಕಿಲೋ ಮುನ್ನೂರು ಗ್ರಾಂ ಇಳಿಯಿತು. ಚಾಮುಂಡಿ ಬೆಟ್ಟಕ್ಕೆ, ಅಂದರೆ ಊರಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ, ಹಿಂದೆ ಎರಡು ಕಡೆ ನಿಂತು ಹೋಗುತ್ತಿದ್ದವನು ಈಗ ನಿಲ್ಲದೆ ಹತ್ತುತ್ತೇನೆ. ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ನಿಧಾನ ನಿಜ, ಉಸಿರು ಉಳಿಯುತ್ತದೆ.

ಗೇರು, ಬ್ರೇಕುಗಳ ವಿಷಯದಲ್ಲಿ ಹೆಚ್ಚು ದೂರಿಲ್ಲ. ಹೊಸ ಕೇಬಲ್ಲು ಮೊದಲ ವಾರಗಳಲ್ಲಿ ಕೂತುಕೊಂಡು ಸಡಿಲವಾಗುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಹತ್ತಿರದ ಪುಟ್ಟ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸಿದರೆ ಸದ್ದು ನಿಲ್ಲುತ್ತದೆ. ಕೇಬಲ್ ಡಿಸ್ಕ್ ಬ್ರೇಕಿನಲ್ಲಿ, ನನ್ನದರಂತೆ, ಸಾಮಾನ್ಯವಾಗಿ ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ. ಸವೆದಂತೆ ಲಿವರ್ ಹ್ಯಾಂಡಲಿಗೆ ತಾಗತೊಡಗಿದರೆ ಕೇಬಲ್ಲನ್ನಷ್ಟೇ ಎಳೆದು ಬಿಗಿಯುವ ಮುನ್ನ, ಒಳಗಿನ ಪ್ಯಾಡನ್ನು ಅದರ ತಿರುಪಿನಿಂದ ಮುಂದಕ್ಕೆ ತನ್ನಿ. ಚೈನಿಗೆ ಎಣ್ಣೆ ಸಿಂಪಡಿಸುವ ಡಬ್ಬಿ ಬೇಡ. ಹಾಗೆ ಸಿಂಪಡಿಸಿದ ಎಣ್ಣೆ ಡಿಸ್ಕಿಗೆ ಹಾರಿ, ಮರುದಿನ ಒಂಟಿಕೊಪ್ಪಲಿನ ಸಿಗ್ನಲ್ಲಿನಲ್ಲಿ ನನ್ನ ಸೈಕಲ್ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಎದುರಿಗೆ ಯಾರೂ ಇರಲಿಲ್ಲ ಎನ್ನುವುದು ಪುಣ್ಯ. ಪ್ಯಾಡು ಎಸೆದು ಹೊಸದು ಹಾಕಿಸಿದೆ. ಈಗ ಚೈನಿನ ಪ್ರತಿ ಕೊಂಡಿಗೆ ಒಂದೊಂದೇ ಹನಿ ಬಿಟ್ಟು, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸುತ್ತೇನೆ.

ಚೈನನ್ನು ಅಳೆಯಲು ಶಾಲೆಯ ಮಕ್ಕಳ ಅಡಿಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆಗೆ ಇಟ್ಟು ಅದರ ಮುಂದಿನದರಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರುತ್ತದೆ. ಒಂದು ಅಂಗುಲದ ಹದಿನಾರನೇ ಒಂದು ಭಾಗ ದಾಟಿದರೆ ಬದಲಿಸಬೇಕು. ನನಗೆ ಇದು ಗೊತ್ತಿಲ್ಲದೆ ಮೊದಲ ಚೈನನ್ನು 4,000 ಕಿಲೋಮೀಟರಿಗೂ ಹೆಚ್ಚು ಓಡಿಸಿದ್ದರಿಂದ ಫ್ರೀವೀಲಿನ ಹಲ್ಲುಗಳೂ ಸವೆದು ಎರಡನ್ನೂ ಕೊಳ್ಳಬೇಕಾಯಿತು.

ಪೂರ್ತಿ ಉದ್ದದ ಮಡ್ ಗಾರ್ಡು, ಕ್ಯಾರಿಯರು, ದೀಪ ಇವು ಮೊದಲ ದಿನವೇ ಇರಬೇಕಾದವು. ಕಂಪನಿ ಒಂದನ್ನೂ ಕೊಡಲಿಲ್ಲ. ಮುಂದಿನ ಮಡ್ ಗಾರ್ಡಿನ ತುದಿಗೆ ಹಳೆಯ ಟ್ಯೂಬಿನ ತುಂಡೊಂದನ್ನು ಅಂಗೈಯಗಲ ಕತ್ತರಿಸಿ ಜೋಡಿಸಿದ ಮೇಲೆ ಕೆಸರು ಶೂಗೂ ಚೈನಿಗೂ ಹಾರುವುದು ನಿಂತಿತು. ಪ್ಲಾಸ್ಟಿಕ್ ಪೆಡಲು ಒಂದು ವರ್ಷಕ್ಕೆ ಸೀಳಿತು. ಬಣ್ಣ ಅಲ್ಲಲ್ಲಿ ಎದ್ದಿದೆ. ಫ್ರೇಮು ಮಾತ್ರ ಗಟ್ಟಿ, ಅದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ.

ಎಲ್ಲ ಸೇರಿ ಸುಮಾರು 16,000 ರೂಪಾಯಿ ಸುರಿದಿದ್ದೇನೆ, ಸೈಕಲ್ಲಿನ ಬೆಲೆಗೆ ಹತ್ತಿರ ಹತ್ತಿರ. ಮೊದಲೇ 33,000ದ ಸೈಕಲ್ ಕೊಳ್ಳಬಹುದಿತ್ತಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಕೊಳ್ಳಬಹುದಿತ್ತು. ಆದರೆ ಆ ಸೈಕಲ್ಲಿನ ಸೀಟನ್ನೂ ಮಟ್ಟ ಮಾಡಬೇಕಿತ್ತು, ಅದರ ಕಡ್ಡಿಗಳನ್ನೂ ಮೀಟಿ ನೋಡಬೇಕಿತ್ತು. ಮತ್ತೆ ಶುರು ಮಾಡುವುದಾದರೆ ಮೊದಲ ವಾರ ಸೀಟು, ಮೊದಲ ತಿಂಗಳಲ್ಲಿ ಹಿಂದಿನ ಚಕ್ರ, ಮಳೆಗಾಲಕ್ಕೆ ಮುಂಚೆ ಟೈರು ಮತ್ತು ಮಡ್ ಗಾರ್ಡು. ಮಿಕ್ಕದ್ದು ಕೆಟ್ಟಾಗ ನೋಡಿಕೊಂಡರಾಯಿತು.

ಎರಡು ವಾರದಿಂದ ಬಲಗಾಲು ಒತ್ತಿದಾಗ ‘ಕಟ್’ ಎನ್ನುತ್ತಿದೆ. ಪೆಡಲ್ ಬಿಗಿದು ನೋಡಿದೆ, ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿ ನೋಡಿದೆ, ನಿಲ್ಲಲಿಲ್ಲ. ಪೆಡಲ್ ತೋಳನ್ನು ಹಿಡಿದು ಅಡ್ಡಡ್ಡ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಸಿಗುತ್ತದೆ. ಅಂದರೆ ಪೆಡಲ್‌ಗಳ ಅಚ್ಚು ತಿರುಗುವ ಬಾಟಮ್ ಬ್ರ್ಯಾಕೆಟ್ಟಿನ ಬೇರಿಂಗು ಸವೆದಿದೆ. ಈ ಸಲ ಬಿಡಿ ಗುಂಡುಗಳದ್ದು ಬೇಡ, ಮುಚ್ಚಿದ ಕಾರ್ಟ್ರಿಜ್ ಬಗೆಯದೇ ಇರಲಿ ಎಂದು ಹೇಳಿ, 68 ಮಿಲಿಮೀಟರ್ ಅಗಲ, 122.5 ಮಿಲಿಮೀಟರ್ ಅಚ್ಚು ಎಂದು ಚೀಟಿಯಲ್ಲಿ ಬರೆದು ಅಗ್ರಹಾರದ ಯಜಮಾನರ ಕೈಗೆ ಕೊಟ್ಟಿದ್ದೇನೆ. ಮಾಲು ಶನಿವಾರ ಬರುತ್ತದೆ.