ತಾನೇ ಸುತ್ತಿಕೊಳ್ಳುವ ನಾಯಿ ಬಾರು: ದಾರಿಹೋಕರ ಕಡೆಯಿಂದ ಒಂದು ವಿಮರ್ಶೆ

ನಾಯಿ ಮುಂದೆ ಹೋದಷ್ಟೂ ಬಿಚ್ಚಿಕೊಳ್ಳುವ, ಹತ್ತಿರ ಬಂದಷ್ಟೂ ಹಿಡಿಯೊಳಗೆ ತಾನೇ ಸುತ್ತಿಕೊಳ್ಳುವ ಬಾರನ್ನು ಕೊಳ್ಳುವವರು ನಾಯಿಗೆ ಸಿಗುವ ಓಡಾಟದ ಸ್ವಾತಂತ್ರ್ಯವನ್ನೂ ತಮ್ಮ ಕೈಗೆ ಸಿಗುವ ಆರಾಮವನ್ನೂ ನೋಡಿ ಕೊಳ್ಳುತ್ತಾರೆ. ಎರಡನ್ನೂ ಅದು ಕೊಡುತ್ತದೆ. ಆದರೆ ಉದ್ಯಾನದ ಕಾಲುದಾರಿಯಲ್ಲಿ ಮಕ್ಕಳು, ವೃದ್ಧರು, ಸೈಕಲ್ ಸವಾರರು, ನಾಯಿ ಕಂಡರೆ ಹೆದರುವವರು ಎಲ್ಲರೂ ಇರುತ್ತಾರೆ. ಬಾರಿನ ಇನ್ನೊಂದು ತುದಿಯಲ್ಲಿ ಏನಾಗುತ್ತದೆ ಎಂಬುದು ಅವರಿಗೂ ಸಂಬಂಧಿಸಿದ ವಿಷಯ. ನಾನು ಬಳಸುತ್ತಿರುವ 5 ಮೀಟರ್ ಉದ್ದದ ಬಾರನ್ನು ಇಲ್ಲಿ ಅವರ ಕಡೆಯಿಂದ ತೂಗಿ ನೋಡಿದ್ದೇನೆ.

ತಯಾರಿಕೆಯ ಗುಣಮಟ್ಟದ ಬಗ್ಗೆ ದೂರಿಲ್ಲ. ಹಿಡಿ ಕೈಗೆ ಸರಿಯಾಗಿ ಕೂರುತ್ತದೆ, ಕೊಂಡಿ ಗಟ್ಟಿಯಾಗಿದೆ, ತಡೆಗುಂಡಿ ಒತ್ತಿದ ಕೂಡಲೇ ಹಿಡಿದುಕೊಳ್ಳುತ್ತದೆ. ಈ ಬಗೆಯ ಬಾರುಗಳು ತೆಳುವಾದ ದಾರದಲ್ಲೂ ಅಗಲವಾದ ಪಟ್ಟಿಯಲ್ಲೂ ಸಿಗುತ್ತವೆ. ನನ್ನದು ಪಟ್ಟಿಯದು, ಕೊಳ್ಳುವುದಾದರೆ ಪಟ್ಟಿಯದನ್ನೇ ಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ದಾರವು ಸಂಜೆಯ ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ, ವೇಗವಾಗಿ ಓಡುವ ನಾಯಿಯ ಹಿಂದೆ ಅದು ಬರಿಗಾಲಿಗೋ ಬೆರಳಿಗೋ ಉಜ್ಜಿದರೆ ಚರ್ಮ ಸುಟ್ಟಂತೆ ಕಿತ್ತುಬರುತ್ತದೆ. ಬೆರಳಿಗೆ ಸುತ್ತಿಕೊಂಡು ಬೆರಳೇ ತುಂಡಾದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಪಟ್ಟಿಯಾದರೂ ಅಷ್ಟೇ, ಓಡುತ್ತಿರುವಾಗ ಅದನ್ನು ಕೈಯಿಂದ ಹಿಡಿದು ನಿಲ್ಲಿಸಲು ಹೋಗಬಾರದು.

ನಿಜವಾದ ತೊಂದರೆ ಇರುವುದು ಉದ್ದದಲ್ಲಿ. 5 ಮೀಟರ್ ಬಾರು ಎಂದರೆ ಒಡೆಯ ನಿಂತ ಜಾಗದ ಸುತ್ತ 10 ಮೀಟರ್ ಅಗಲದ ವೃತ್ತವು ನಾಯಿಯ ಕೈವಶವಾದಂತೆ. ಸಾಮಾನ್ಯ ಕಾಲುದಾರಿಯ ಅಗಲ ಅದರ ಕಾಲುಭಾಗವೂ ಇರುವುದಿಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬರುವ ಸೈಕಲ್ ಒಂದು ಸೆಕೆಂಡಿನಲ್ಲಿ 4 ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ನಾಯಿ ದಾರಿಯ ಆ ಬದಿಯಲ್ಲಿ, ಒಡೆಯ ಈ ಬದಿಯಲ್ಲಿ ಇದ್ದಾಗ ನಡುವೆ ಅಡ್ಡಗಟ್ಟಿದ ಪಟ್ಟಿಯನ್ನು ಸವಾರ ಗುರುತಿಸಿ, ಒಡೆಯ ಗುಂಡಿ ಒತ್ತಿ, ನಾಯಿಯನ್ನು ಹತ್ತಿರಕ್ಕೆ ಕರೆದುಕೊಳ್ಳುವಷ್ಟು ಸಮಯ ಯಾರ ಬಳಿಯೂ ಇರುವುದಿಲ್ಲ. ಗುಂಡಿ ನಾಯಿಯನ್ನು ನಿಲ್ಲಿಸುತ್ತದೆಯೇ ಹೊರತು ಹಿಂದಕ್ಕೆ ತರುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ‘ನಮ್ಮ ನಾಯಿ ಏನೂ ಮಾಡಲ್ಲ’ ಎಂದು ದೂರದಿಂದ ಕೂಗಿ ಹೇಳುವ ಅಭ್ಯಾಸಕ್ಕೆ ಈ ಬಾರು ಬಹಳ ಅನುಕೂಲ ಮಾಡಿಕೊಡುತ್ತದೆ, ಆದರೆ ಹೆದರಿ ನಿಂತವರಿಗೆ ಆ ಮಾತಿನಿಂದ ಯಾವ ಧೈರ್ಯವೂ ಬರುವುದಿಲ್ಲ. ಎದುರಿನ ನಾಯಿ ವಯಸ್ಸಾದದ್ದೋ, ಶಸ್ತ್ರಚಿಕಿತ್ಸೆಯಾದದ್ದೋ, ಅಂಧರಿಗೆ ದಾರಿ ತೋರಿಸುವ ಕೆಲಸದಲ್ಲಿರುವುದೋ ಆಗಿರಬಹುದು. ಕೇಳದೆ ಮೂಸಲು ಬಿಡುವುದು ಆ ಒಡೆಯರಿಗೂ ನಾಯಿಗೂ ಮಾಡುವ ಅನ್ಯಾಯ.

ನಾಯಿ ಕಲಿಯುವ ಪಾಠವೂ ಗಮನಿಸಬೇಕಾದದ್ದು. ಸ್ಪ್ರಿಂಗ್ ಸದಾ ಸ್ವಲ್ಪ ಬಿಗಿಯಾಗಿಯೇ ಇರುವುದರಿಂದ, ಎಳೆದರೆ ಜಾಗ ಸಿಗುತ್ತದೆ ಎಂಬುದು ನಾಯಿಗೆ ಬೇಗ ಮನವರಿಕೆಯಾಗುತ್ತದೆ. ಸಡಿಲ ಬಾರಿನಲ್ಲಿ ಪಕ್ಕದಲ್ಲೇ ನಡೆಯಲು ಇನ್ನೂ ಕಲಿಯದ ಮರಿಗೆ ಇದನ್ನು ಹಾಕಲೇಬಾರದು. ಕೊರಳಪಟ್ಟಿಗೆ ಸಿಕ್ಕಿಸುವುದಕ್ಕಿಂತ ಎದೆಪಟ್ಟಿಗೆ ಸಿಕ್ಕಿಸುವುದು ಉತ್ತಮ, ಏಕೆಂದರೆ ಓಟದ ಕೊನೆಯಲ್ಲಿ ಬೀಳುವ ಜಗ್ಗು ಆಗ ಕುತ್ತಿಗೆಗೆ ಬೀಳುವುದಿಲ್ಲ. ಹಿಡಿ ಕೈಜಾರಿದರೆ ಅದು ನೆಲಕ್ಕೆ ಬಡಿಯುತ್ತಾ ನಾಯಿಯ ಹಿಂದೆಯೇ ಬರುತ್ತದೆ. ಆ ಸದ್ದಿಗೆ ಬೆದರಿದ ನಾಯಿ ಇನ್ನಷ್ಟು ಓಡುತ್ತದೆ. ಬಾರು ಬಿಚ್ಚಿಕೊಳ್ಳದಂತೆ ತಡೆಯುವ ಬೀಗವನ್ನು ಹಾಕದೆ ಇದನ್ನು ಲಿಫ್ಟಿನೊಳಗೆ ಒಯ್ಯುವುದು ಅಪಾಯ: ಬಾಗಿಲು ಮುಚ್ಚುವ ಹೊತ್ತಿಗೆ ನಾಯಿ ಹೊರಗೇ ಉಳಿದಿರಬಹುದು.

ನಾಯಿಯ ಮಲ ಎತ್ತುವ ಚೀಲಗಳಿಗಾಗಿ ಹಿಡಿಗೆ ಜೋಡಿಸಿರುವ ಡಬ್ಬಿ ಇಡೀ ವಸ್ತುವಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ, ಮರೆಯಲು ಆಸ್ಪದವನ್ನೇ ಕೊಡುವುದಿಲ್ಲ. ನಾಯಿಯ ಮಲವು ಗೊಬ್ಬರವೆಂದು ತಿಳಿದು ಹುಲ್ಲಿನ ಮೇಲೆ ಬಿಡುವವರು ಇಂದಿಗೂ ಇದ್ದಾರೆ. ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳು ಅದರಲ್ಲಿರಬಹುದು; ಅವು ಹೊಸತರಲ್ಲಿ ಸೋಂಕು ತರುವುದಿಲ್ಲ, ಮಣ್ಣಿನಲ್ಲಿ ಕೆಲವು ವಾರ ಬೆಳೆದ ಮೇಲೆ ತರುತ್ತವೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಮಣ್ಣಿನಲ್ಲಿ ಆಡಿದ ಮಗು ಕೈಯನ್ನು ಬಾಯಿಗೆ ಹಾಕಿಕೊಂಡರೆ ಮರಿಹುಳುಗಳು ದೇಹದೊಳಗೆ ಅಲೆದು, ಅಪರೂಪಕ್ಕಾದರೂ ಕಣ್ಣನ್ನು ತಲುಪಿ ದೃಷ್ಟಿಗೇ ಹಾನಿ ಮಾಡಬಲ್ಲವು. ಆಗಲೇ ಎತ್ತಿ ಕಸದ ತೊಟ್ಟಿಗೆ ಹಾಕಿದರೆ ಮೊಟ್ಟೆಗಳಿಗೆ ಬೆಳೆಯಲು ಅವಕಾಶವೇ ಸಿಗುವುದಿಲ್ಲ. ಆದರೆ 5 ಮೀಟರ್ ಆಚೆ, ಪೊದೆಯ ಹಿಂದೆ ಕುಳಿತ ನಾಯಿ ಏನು ಮಾಡಿತೆಂದು ಒಡೆಯನಿಗೆ ಕಾಣಬೇಕಲ್ಲ? ಡಬ್ಬಿಯಿಂದ ಆಗಬೇಕಾದ ಉಪಕಾರವನ್ನು ಉದ್ದವೇ ಕಸಿದುಕೊಳ್ಳುತ್ತದೆ.

ಜನರಿಲ್ಲದ ಬಯಲಿನಲ್ಲಿ, ಕರೆದರೆ ಬರುವಂತೆ ಕಲಿತ ನಾಯಿಗೆ ಇದು ಒಳ್ಳೆಯ ಬಾರು. ಹಂಚಿಕೊಂಡ ದಾರಿಗೆ 1.8 ಮೀಟರಿನ ಸಾಮಾನ್ಯ ಬಾರನ್ನೇ ನಾನು ಶಿಫಾರಸು ಮಾಡುತ್ತೇನೆ; ಅದರಲ್ಲಿ ನಾಯಿಯನ್ನು ಜನರಿಗೆ ದೂರವಾದ ಬದಿಗೆ ಹಾಕಿಕೊಂಡು ನಡೆಯಬಹುದು, ಎದುರು ಯಾರಾದರೂ ಬಂದರೆ ಒಂದು ಹೆಜ್ಜೆ ಸರಿದು ನಿಲ್ಲಬಹುದು. ಒಂದೇ ಬಾರಿನಲ್ಲಿ ಎರಡೂ ಕೆಲಸ ಆಗಬೇಕೆನ್ನುವವರು ಬಯಲು ತಲುಪುವವರೆಗೆ ಇದಕ್ಕೆ ಬೀಗ ಹಾಕಿಯೇ ಇಡಬೇಕು. ಸದ್ಯಕ್ಕೆ ಆ ಬೀಗ ಹೆಬ್ಬೆರಳು ತಾಗಿದರೂ ಜಾರಿ ತೆರೆದುಕೊಳ್ಳುತ್ತದೆ. ತಯಾರಕರು ಒಂದೂವರೆ ಮೀಟರಿಗೆ ಗಟ್ಟಿಯಾಗಿ ನಿಲ್ಲುವ ಪ್ರತ್ಯೇಕ ತಡೆಯೊಂದನ್ನು ಸೇರಿಸುವವರೆಗೆ ನಾನು ಇದಕ್ಕೆ ಐದರಲ್ಲಿ ಮೂರು ಅಂಕಕ್ಕಿಂತ ಹೆಚ್ಚು ಕೊಡಲಾರೆ.