ನಾಲ್ಕು ಬಾಟಲಿಯ ಗ್ರಾಂ ಸ್ಟೇನ್ ಕಿಟ್: ಮೂರನೆಯದನ್ನು ನೋಡಿ ಕೊಳ್ಳಿ

ಗ್ರಾಂ ಸ್ಟೇನ್ ಅಂದರೆ ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಎರಡು ಗುಂಪು ಮಾಡುವ ವಿಧಾನ: ನೇರಳೆ ಉಳಿದರೆ ಪಾಸಿಟಿವ್, ಗುಲಾಬಿಯಾದರೆ ನೆಗೆಟಿವ್. ಇದರ ರೆಡಿಮೇಡ್ ಕಿಟ್ ಕೊಳ್ಳುವವರು ಬೆಲೆ ನೋಡುತ್ತಾರೆ. ನೋಡಬೇಕಾದ್ದು ಮೂರನೇ ಬಾಟಲಿಯ ಲೇಬಲ್. ಕ್ರಿಸ್ಟಲ್ ವಯೋಲೆಟ್, ಅಯೋಡಿನ್, ಸಫ್ರಾನಿನ್ ಎಲ್ಲ ಕಿಟ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ. ಮೂರನೆಯದಾದ ಡಿಕಲರೈಸರ್ (ಬಣ್ಣ ತೊಳೆಯುವ ದ್ರವ) ಮಾತ್ರ ಕೆಲವದರಲ್ಲಿ 95% ಎಥನಾಲ್, ಕೆಲವದರಲ್ಲಿ ಅಸಿಟೋನ್-ಆಲ್ಕೋಹಾಲ್. ನಾನು ನೋಡಿದ ಈ ಕಿಟ್‌ನಲ್ಲಿರುವುದು ಎರಡನೆಯದು, ಸಮಪಾಲು.

ಅಸಿಟೋನ್ ಬೆರೆತರೆ ಬಣ್ಣ ಬೇಗ ಬಿಡುತ್ತದೆ. ಜೊತೆಗೆ ಬರುವ ಚೀಟಿಯಲ್ಲಿ 30 ಸೆಕೆಂಡ್ ಅಂತಿದೆ. ತೆಳು ಸ್ಮಿಯರ್‌ಗೆ (ಸ್ಲೈಡಿಗೆ ಹಚ್ಚಿದ ಸ್ಯಾಂಪಲ್ ಪದರಕ್ಕೆ) ಅದು ವಿಪರೀತ. ಪೆಪ್ಟಿಡೋಗ್ಲೈಕನ್ ಗೋಡೆ ದಪ್ಪಗಿರುವ ಸ್ಟ್ಯಾಫಿಲೊಕಾಕಸ್ ಕೂಡ ನೇರಳೆ ಕಳೆದುಕೊಂಡು ಗುಲಾಬಿಯಾಗಿ ಕಾಣುತ್ತದೆ, ರಿಪೋರ್ಟು ತಲೆಕೆಳಗಾಗುತ್ತದೆ. ಸ್ಲೈಡನ್ನು ಓರೆ ಹಿಡಿದು ಹನಿಹನಿಯಾಗಿ ಬಿಡಿ. ಇಳಿದು ಬರುವ ಹನಿಯಲ್ಲಿ ನೇರಳೆ ನಿಂತ ತಕ್ಷಣ ನೀರು ಹಾಯಿಸಿ. ಬಹುತೇಕ 5ರಿಂದ 10 ಸೆಕೆಂಡಿಗೆ ಮುಗಿಯುತ್ತದೆ. ಸ್ಮಿಯರ್ ದಪ್ಪವಾಗಿದ್ದರೆ ಯಾವ ಲೆಕ್ಕವೂ ನಡೆಯದು, ಹೊಸದಾಗಿ ಹಚ್ಚುವುದೇ ವಾಸಿ.

ಉಳಿದ ಹೊತ್ತುಗಳು ಸರಿಯಾಗಿವೆ: ವಯೋಲೆಟ್ 1 ನಿಮಿಷ, ಅಯೋಡಿನ್ 1 ನಿಮಿಷ, ಸಫ್ರಾನಿನ್ 30ರಿಂದ 60 ಸೆಕೆಂಡ್. ಅಯೋಡಿನ್‌ಗೆ ಕಂದು ಬಾಟಲಿ ಕೊಟ್ಟಿರುವುದು ಮೆಚ್ಚುವಂಥದ್ದು. ಬೆಳಕಿಗೆ ಅದು ಸೊರಗಿ ಕಂದಿನಿಂದ ಹಳದಿಗೆ ತಿರುಗಿದರೆ ವಯೋಲೆಟ್ಟನ್ನು ಹಿಡಿದಿಡುವ ಶಕ್ತಿ ಇರದು, ಚೆಲ್ಲಿಬಿಡಿ. ವಯೋಲೆಟ್ ಬಾಟಲಿಯ ತಳದಲ್ಲಿ ಗಸಿ ಕೂರುತ್ತದೆ. ಸೋಸದೆ ಹಾಕಿದರೆ 100x ಎಣ್ಣೆ ಲೆನ್ಸ್‌ನಲ್ಲಿ ಆ ಕಣಗಳೇ ಕಾಕೈ (ದುಂಡು ಬ್ಯಾಕ್ಟೀರಿಯಾ) ಅಂತ ಏಮಾರಿಸುತ್ತವೆ. ಫಿಲ್ಟರ್ ಪೇಪರ್‌ನಲ್ಲಿ ಸೋಸಿದರೆ ಸಾಕು.

ಸಫ್ರಾನಿನ್ ದಿನನಿತ್ಯದ ಕೆಲಸಕ್ಕೆ ಪರವಾಗಿಲ್ಲ. ಕ್ಯಾಂಪೈಲೊಬ್ಯಾಕ್ಟರ್‌ನಂಥ ಸಣಕಲು ಬ್ಯಾಕ್ಟೀರಿಯಾ ಅದರಲ್ಲಿ ಮಸುಕಾಗಿ ತಪ್ಪಿಸಿಕೊಳ್ಳುತ್ತವೆ; ಅವಕ್ಕೆ ತೆಳುಗೊಳಿಸಿದ ಕಾರ್ಬಾಲ್ ಫ್ಯುಕ್ಸಿನ್ ಬೇರೆ ಇಟ್ಟುಕೊಳ್ಳಿ. ಕ್ಷಯದ ಬ್ಯಾಕ್ಟೀರಿಯಾಗೆ ಈ ಕಿಟ್ ತೆಗೆಯಲೇಬೇಡಿ, ಮೇಣದಂಥ ಗೋಡೆ ಈ ಬಣ್ಣಗಳನ್ನು ಸರಿಯಾಗಿ ಒಳಬಿಡದು. ಅದಕ್ಕೆ ಜೀಲ್-ನೀಲ್ಸನ್ ಎಂಬ ಬೇರೆಯೇ ಸ್ಟೇನ್.

ಹೋಲಿಸಿ ನೋಡಲು ಗೊತ್ತಿರುವ ಬ್ಯಾಕ್ಟೀರಿಯಾ ಹಚ್ಚಿದ ಕಂಟ್ರೋಲ್ ಸ್ಲೈಡ್ ಕೊಟ್ಟಿಲ್ಲ, ಇದು ದೊಡ್ಡ ಕೊರತೆ. ಒಂದೇ ಸ್ಲೈಡಿನ ಒಂದು ತುದಿಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ (ಪಾಸಿಟಿವ್), ಇನ್ನೊಂದಕ್ಕೆ ಇ. ಕೋಲೈ (ನೆಗೆಟಿವ್), ನಡುವೆ ಸ್ಯಾಂಪಲ್ ಹಚ್ಚಿ. ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) 18-24 ಗಂಟೆಯದಿರಲಿ. ಹಳತಾದರೆ ಪಾಸಿಟಿವ್‌ಗಳೂ ಗುಲಾಬಿಗೆ ತಿರುಗುತ್ತವೆ, ಅದು ಕಿಟ್‌ನ ತಪ್ಪಲ್ಲ.

ಮುಚ್ಚಳದ್ದು ಮಾತ್ರ ಕಿಟ್‌ನದೇ ತಪ್ಪು. ಮೂರನೇ ಬಾಟಲಿಯ ಡ್ರಾಪರ್ ಮುಚ್ಚಳ ಸಡಿಲ. ಆಲ್ಕೋಹಾಲ್‌ಗಿಂತ ಮೊದಲು ಅಸಿಟೋನ್ ಆವಿಯಾಗಿ, ಕೆಲವು ವಾರದಲ್ಲಿ ಅದೇ ಬಾಟಲಿ ನಿಧಾನವಾಗುತ್ತದೆ, ಆಗ ಇ. ಕೋಲೈ ನೇರಳೆಯಾಗಿಯೇ ಉಳಿಯುತ್ತದೆ. ತಂದ ದಿನವೇ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಬಗ್ಗಿಸಿ, ತೆರೆದ ತಾರೀಖು ಬರೆದಿಡಿ. ಲೇಬಲ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿಲ್ಲ.